ಹಳೇ ಹೆದರಿಸುವ ಟೀವಿ ಸೀರಿಯಲ್‌ಗಳ ಜಾಡು ಹಿಡಿದು ಅಕ್ಟೋಬರ್‌ನಲ್ಲಿ ರೋಡ್ ಟ್ರಿಪ್: ಈ ರೂಟ್ ಆಗುತ್ತಾ?

ಕಪ್ಪುಬಿಳುಪು:

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ನಾನು, ಹೆಂಡತಿ, ಹದಿಮೂರು ವರ್ಷದ ಮಗಳು. ಮೇ ತಿಂಗಳಲ್ಲಿ ತೀರ್ಥಹಳ್ಳಿಯಿಂದ ಅಪ್ಪ ಬಂದಿದ್ದಾರೆ, ನವೆಂಬರ್ ಕೊನೆಗೆ ವಾಪಸ್. ಎಪ್ಪತ್ತೆರಡು ವರ್ಷ. ಮಂಡಿ ನೋವು ಒಂದು ಬಿಟ್ಟರೆ ಗಟ್ಟಿಯಾಗಿದ್ದಾರೆ.

ನನಗೆ ಹಳೇ ಟೀವಿಯ ಹುಚ್ಚು. ಹೊಸ ವರ್ಷಕ್ಕೆ ಸೈಫೈ ಚಾನೆಲ್‌ನಲ್ಲಿ ‘ದಿ ಟ್ವೈಲೈಟ್ ಜೋನ್’ ಅನ್ನುವ ಹಳೇ ವಿಚಿತ್ರ ಕತೆಗಳ ಸರಣಿಯ ಕಂತುಗಳನ್ನು ಒಂದರ ಹಿಂದೊಂದು ಹಾಕುತ್ತಾರಲ್ಲ, ನಮ್ಮ ಮನೆಯಲ್ಲಿ ವರ್ಷ ಶುರುವಾಗುವುದೇ ಅದರಿಂದ. ಈ ಸಲ ಮಗಳು ಅಜ್ಜನಿಗೂ ಆ ರುಚಿ ಹತ್ತಿಸಿದ್ದಾಳೆ. ದಿನಾ ರಾತ್ರಿ ಊಟ ಆದ ಮೇಲೆ ಒಂದು ಕಂತು. ಅಪ್ಪನಿಗೆ ಆ ಇಂಗ್ಲಿಷ್ ಅರ್ಧಂಬರ್ಧ ಸಿಗುತ್ತದೆ. ಆದರೂ ಕೊನೆಗೆ ಏನಾಗುತ್ತದೆ ಅನ್ನುವುದನ್ನು ಮಗಳಿಗಿಂತ ಮೊದಲೇ ಹೇಳಿಬಿಡುತ್ತಾರೆ. “ಇದು ನಮ್ಮ ಗುಡ್ಡದ ಭೂತದ ಅಜ್ಜ ಮಾರಾಯ” ಅನ್ನುವುದು ಅವರ ತೀರ್ಮಾನ. ದೂರದರ್ಶನದಲ್ಲಿ ಗುಡ್ಡದ ಭೂತ ಬರುತ್ತಿದ್ದಾಗ ನಮ್ಮನೆಯಲ್ಲಿ ಟೀವಿ ಇರಲಿಲ್ಲ. ಪಕ್ಕದ ಮನೆ ಜಗಲಿಯಲ್ಲಿ ಕೂತು ನೋಡಿ, ವಾಪಸ್ ಬರುವಾಗ ಅಪ್ಪನ ಪಂಚೆಯ ತುದಿ ಬಿಡದೆ ನಡೆಯುತ್ತಿದ್ದೆ.

ಈಗ ಪ್ಲಾನ್ ಏನಂದ್ರೆ, ಅಕ್ಟೋಬರ್‌ನ ಕೊಲಂಬಸ್ ಡೇ ಲಾಂಗ್ ವೀಕೆಂಡ್. ಶುಕ್ರವಾರ ರಜೆ ಹಾಕಿದರೆ ನಾಲ್ಕು ದಿನ. ಎಲೆ ಕೆಂಪಾಗಿರುತ್ತವೆ, ಎಲ್ಲಾ ಮನೆ ಮುಂದೆ ಕುಂಬಳಕಾಯಿ, ಅಸ್ಥಿಪಂಜರ. ವಾತಾವರಣ ತಾನಾಗೇ ಸಿಕ್ಕಿಬಿಡುತ್ತದೆ.

ಮೊದಲ ದಿನ ಎಡಿಸನ್‌ನಿಂದ ಬಿಂಗ್‌ಹ್ಯಾಮ್ಟನ್. ಟ್ವೈಲೈಟ್ ಜೋನ್ ಮಾಡಿದ ರಾಡ್ ಸರ್ಲಿಂಗ್ ಬೆಳೆದ ಊರು. ಎರಡನೇ ದಿನ ಇಥಾಕ, ಇಂಟರ್‌ಲೇಕನ್‌ನಲ್ಲಿ ಅವರ ಸಮಾಧಿ. ಮೂರನೇ ದಿನ ಅಲ್ಲಿಂದ ಸೀದಾ ರೋಡ್ ಐಲೆಂಡ್‌ನ ನ್ಯೂಪೋರ್ಟ್, ‘ಡಾರ್ಕ್ ಷಾಡೋಸ್’ ಸೀರಿಯಲ್‌ನ ಬಂಗಲೆ ನೋಡಲು. ನಾಲ್ಕನೇ ದಿನ ಕನೆಕ್ಟಿಕಟ್, ಟ್ಯಾರಿಟೌನ್ ಮೇಲೆ ಮನೆಗೆ.

ಇದು ಜಾಸ್ತಿ ಆಯ್ತಾ? ನ್ಯೂಪೋರ್ಟ್ ಬಂಗಲೆ ಒಳಗೆ ಬಿಡುತ್ತಾರಾ? ಅಪ್ಪನಿಗೆ ಬೇಜಾರಾಗದ ಹಾಗೆ ಏನು ಮಾಡಬಹುದು?

ಇನ್ನೊಂದು ಸಮಸ್ಯೆ ಇದೆ. “ನವರಾತ್ರಿ ಹೊತ್ತಿನಲ್ಲಿ ಮಾವನನ್ನು ಕರ್ಕೊಂಡು ಸ್ಮಶಾನಕ್ಕಾ?” ಅಂತ ಹೆಂಡತಿ ಒಂದೇ ಸಮ ಕೇಳುತ್ತಿದ್ದಾಳೆ. ಉತ್ತರ ನನ್ನ ಹತ್ತಿರ ಇಲ್ಲ.

ಘಾಟಿರಸ್ತೆ:

ಮೂರನೇ ದಿನ ಇಂಟರ್‌ಲೇಕನ್‌ನಿಂದ ನ್ಯೂಪೋರ್ಟ್ ಅಂದಿರಲ್ಲ, ಆರೂವರೆ ಗಂಟೆಗೆ ಕಡಿಮೆ ಇಲ್ಲ. ಅದೂ ಲಾಂಗ್ ವೀಕೆಂಡ್ ಟ್ರಾಫಿಕ್ ಇಲ್ಲದಿದ್ದರೆ. ಮಂಡಿ ನೋವಿರುವ ಹಿರಿಯರು ಅಷ್ಟು ಹೊತ್ತು ಕಾಲು ಮಡಿಸಿ ಕೂರಬೇಕಾ? ನಾನಾದರೆ ಬೇಡ ಅನ್ನುತ್ತೇನೆ.

ನನ್ನ ಮಾತು ಕೇಳಿದರೆ ಸಿಯಾಟಲ್‌ಗೆ ವಿಮಾನ ಹತ್ತಿ. ‘ಟ್ವಿನ್ ಪೀಕ್ಸ್’ ಊರುಗಳು ಒಂದಕ್ಕೊಂದು ಹತ್ತಿರ ಇವೆ. ಸ್ನೊಕ್ವಾಲ್ಮಿ ಜಲಪಾತ 268 ಅಡಿ, ಅದರ ನೆತ್ತಿಯ ಮೇಲೆ ಸೀರಿಯಲ್‌ನಲ್ಲಿ ತೋರಿಸುವ ಹೋಟೆಲ್. ಪಕ್ಕದ ನಾರ್ತ್ ಬೆಂಡ್‌ನಲ್ಲಿ ಆ ಕಾಫಿ ಅಂಗಡಿ. ಅರ್ಧ ದಿನದಲ್ಲಿ ಎಲ್ಲಾ ಮುಗಿಯುತ್ತದೆ.

ಕಪ್ಪುಬಿಳುಪು:

1990ರ ಸೀರಿಯಲ್ ಹಳೇದು ಅಂದರೆ ನಾನೂ ಹಳಬನಾದೆ ಸಾರ್. ಅದು ಕಲರ್ ಬೇರೆ. ನಮಗೆ ಕಪ್ಪುಬಿಳುಪೇ ಬೇಕು.

ಕುದುರೆಸವಾರ:

ಕಪ್ಪುಬಿಳುಪು ಅವರೇ, ನಾನು ಎರಡು ವರ್ಷ ಬಿಂಗ್‌ಹ್ಯಾಮ್ಟನ್‌ನಲ್ಲಿ ಓದಿದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಬೇಡಿ.

ನೀವು ಮಾಡಹೊರಟ ತಪ್ಪನ್ನೇ ನಾನೂ ಮಾಡಿದ್ದೆ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ನನ್ನ ಹಳೇ ಊರು ತೋರಿಸುತ್ತೇನೆ ಅಂತ ಹ್ಯಾಲೋವೀನ್ ವೀಕೆಂಡ್‌ಗೆ ಹೋದೆ. ದೆವ್ವದ ಸೀರಿಯಲ್ ಅಂದರೆ ಹ್ಯಾಲೋವೀನ್ ಅಲ್ವಾ? ದಾರಿಯುದ್ದಕ್ಕೂ ಟ್ವೈಲೈಟ್ ಜೋನ್‌ನ ‘ವಾಕಿಂಗ್ ಡಿಸ್ಟೆನ್ಸ್’ ಕಂತಿನ ಕತೆ ಹೇಳಿದೆ. ರಿಕ್ರಿಯೇಷನ್ ಪಾರ್ಕ್‌ಗೆ ಹೋಗಿ ನೋಡಿದರೆ ಕ್ಯಾರೊಸೆಲ್, ಅಂದರೆ ನಮ್ಮ ಜಾತ್ರೆಗಳಲ್ಲಿ ಸುತ್ತುವ ಮರದ ಕುದುರೆ ಇರುತ್ತವಲ್ಲ ಅದು, ಬಂದ್. ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನೋಡಿದೆವು. ಕತ್ತಲಲ್ಲಿ ಒಂದು ಕುದುರೆಯ ಹಲ್ಲು ಕಂಡಿತು. ಅಷ್ಟೇ. ಅವಳು ಇವತ್ತಿಗೂ “ನಿಮ್ಮ ಕುದುರೆಯ ಹಲ್ಲು” ಅಂತ ಆಡಿಕೊಳ್ಳುತ್ತಾಳೆ.

ಆ ಊರಿನ ಕ್ಯಾರೊಸೆಲ್‌ಗಳು ನಡೆಯುವುದು ಬೇಸಿಗೆಯಲ್ಲಿ. ಮೇ ಕೊನೆಯ ಮೆಮೋರಿಯಲ್ ಡೇಗೆ ಶುರು, ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇಗೆ ಹೆಚ್ಚುಕಮ್ಮಿ ಮುಗಿಯಿತು. ನೀವು ಅಕ್ಟೋಬರ್‌ನಲ್ಲಿ ಹೋದರೆ ನಿಮಗೂ ಹಲ್ಲೇ ಗತಿ.

ಕ್ಯಾರೊಸೆಲ್ ಯಾಕೆ ಅಷ್ಟು ಮುಖ್ಯ ಅಂದರೆ, ಆ ಕಂತನ್ನು ಅಪ್ಪನ ಜೊತೆ ಕೂತು ಇನ್ನೊಮ್ಮೆ ನೋಡಿ. 1959ರ ಅಕ್ಟೋಬರ್ 30ರಂದು ಬಂದದ್ದು, ಸರಣಿಯ ಐದನೆಯ ಕಂತು. ಮಾರ್ಟಿನ್ ಸ್ಲೋನ್ ಅಂತ 36 ವರ್ಷದ ಜಾಹೀರಾತು ಕಂಪನಿಯವನು. ನ್ಯೂಯಾರ್ಕ್ ಸಾಕಾಗಿ ಕಾರು ಹತ್ತಿ ಹೊರಟಿದ್ದಾನೆ. ಕಾರನ್ನು ರಿಪೇರಿಗೆ ಬಿಡುತ್ತಾನೆ. ಹುಟ್ಟಿದೂರು ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಹೋಗಿ ನೋಡಿದರೆ ಊರು ಇವನು ಬಿಟ್ಟಾಗ ಹೇಗಿತ್ತೋ ಹಾಗೇ ಇದೆ. ಅಪ್ಪ ಅಮ್ಮ ಬದುಕಿದ್ದಾರೆ. ಬ್ಯಾಂಡ್‌ಸ್ಟ್ಯಾಂಡ್ ಕಂಬದ ಮೇಲೆ ಹೆಸರು ಕೆತ್ತುತ್ತಿರುವ ಹುಡುಗ ಇವನೇ. ಇದರಲ್ಲಿ ಎಲ್ಲಿದೆ ದೆವ್ವ? ದೆವ್ವ ಅಂದರೆ ಆ ಮಾರ್ಟಿನ್ನೇ. ಸತ್ತಿಲ್ಲ, ಆದರೆ ಅವನಿಗೆ ಅಲ್ಲಿ ಜಾಗ ಇಲ್ಲ. ತನ್ನ ಮನೆ ಬಾಗಿಲು ತಟ್ಟಿದರೆ ಅಮ್ಮನೇ ಗುರುತು ಹಿಡಿಯುವುದಿಲ್ಲ. ಊರು ಬಿಟ್ಟು ಹದಿನೈದು ವರ್ಷವಾದ ನನ್ನಂಥವನಿಗೆ ಇದಕ್ಕಿಂತ ಭಯದ ಕತೆ ಬೇಕಾ? ನಾನಂತೂ ಆ ಕಂತನ್ನು ರಾತ್ರಿ ಒಬ್ಬನೇ ನೋಡುವುದಿಲ್ಲ.

ಕಂತು ಚಿತ್ರೀಕರಣ ಆದದ್ದು ಕ್ಯಾಲಿಫೋರ್ನಿಯಾದ ಎಂಜಿಎಂ ಸ್ಟುಡಿಯೋ ಆವರಣದಲ್ಲಿ. ಬಿಂಗ್‌ಹ್ಯಾಮ್ಟನ್‌ನಲ್ಲಿ ಅಲ್ಲ. ಆದರೆ ಸರ್ಲಿಂಗ್ ಬರೆದದ್ದು ಈ ಪಾರ್ಕನ್ನು ನೆನೆದುಕೊಂಡೇ. ಅವರು ಬೆಳೆದ ಬೆನೆಟ್ ಅವೆನ್ಯೂ ಅಲ್ಲೇ ಹತ್ತಿರ. ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಅವರ ಹೆಸರಿನ ಫಲಕ ಇದೆ. 2024ರಲ್ಲಿ ಪಾರ್ಕ್‌ನಲ್ಲಿ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಕ್ಯಾರೊಸೆಲ್ 1925ರದ್ದು, 60 ಕುದುರೆ. ಕತ್ತೆತ್ತಿ ಮೇಲಿನ ಹಲಗೆಗಳನ್ನು ನೋಡುವುದು ಮರೆಯಬೇಡಿ, ಟ್ವೈಲೈಟ್ ಜೋನ್ ಕಂತುಗಳ ಚಿತ್ರ ಬಿಡಿಸಿದ್ದಾರೆ. ಮಗಳಿಗೆ ಯಾವ ಚಿತ್ರ ಯಾವ ಕಂತು ಅಂತ ಹೇಳುವ ಪಂದ್ಯ ಕಟ್ಟಿ.

ಹತ್ತಲು ದುಡ್ಡಿಲ್ಲ. ಇದಕ್ಕೂ ಒಂದು ಕತೆ. ಜಾರ್ಜ್ ಎಫ್. ಜಾನ್ಸನ್ ಅಂತ ಆ ಭಾಗದ ದೊಡ್ಡ ಶೂ ಕಾರ್ಖಾನೆ ಮಾಲೀಕರು. ಚಿಕ್ಕವರಿದ್ದಾಗ ಕುದುರೆ ಹತ್ತಲು ಕಾಸಿರಲಿಲ್ಲವಂತೆ. ದುಡ್ಡು ಬಂದ ಮೇಲೆ ಸುತ್ತಲಿನ ಊರುಗಳಿಗೆ ಆರು ಕ್ಯಾರೊಸೆಲ್ ಕೊಟ್ಟರು, ಯಾವತ್ತೂ ಟಿಕೆಟ್ ಇಡಬಾರದು ಅನ್ನುವ ಷರತ್ತಿನ ಮೇಲೆ. ಆರೂ ಇವತ್ತಿಗೂ ತಿರುಗುತ್ತಿವೆ.

ಆದ್ದರಿಂದ ಇದನ್ನು ಎರಡು ಟ್ರಿಪ್ ಮಾಡಿ. ಸರ್ಲಿಂಗ್ ಊರಿಗೆ ಈಗಲೇ ಹೋಗಿ, ಆಗಸ್ಟ್‌ನಲ್ಲಿ. ಅವರು ಹಂಬಲಿಸಿದ್ದು ಬೇಸಿಗೆಗೆ, ಕುಂಬಳಕಾಯಿಗೆ ಅಲ್ಲ.

ದಾರಿ ಸುಲಭ. 80ನೇ ಹೆದ್ದಾರಿ ಹಿಡಿದು ಡೆಲವೇರ್ ವಾಟರ್ ಗ್ಯಾಪ್ ದಾಟಿ, 380, ಆಮೇಲೆ 81. ಸ್ಕ್ರಾಂಟನ್ ಆದ ಮೇಲೆ ಒಂದು ಗಂಟೆ. ಒಟ್ಟು ಮೂರು ಗಂಟೆ ಚಿಲ್ಲರೆ. ಮರುದಿನ ಇಥಾಕಕ್ಕೆ ಒಂದೇ ಗಂಟೆ. ಸರ್ಲಿಂಗ್ 1967ರಿಂದ ಸಾಯುವವರೆಗೂ ಇಥಾಕ ಕಾಲೇಜಿನಲ್ಲಿ ಪಾಠ ಹೇಳಿದರು. ಅಲ್ಲಿಂದ ಕಯೂಗ ಕೆರೆಯ ಪಕ್ಕ 89ನೇ ರಸ್ತೆಯಲ್ಲಿ ಹೋಗಿ. ಟ್ವೈಲೈಟ್ ಜೋನ್ ಕೊನೆಯ ಅಕ್ಷರಗಳಲ್ಲಿ ‘ಕಯೂಗ ಪ್ರೊಡಕ್ಷನ್ಸ್’ ಅಂತ ಬರುತ್ತಲ್ಲ, ಇದೇ ಕೆರೆ. ಅವರ ಬೇಸಿಗೆ ಮನೆ ಈ ದಂಡೆಯಲ್ಲಿತ್ತು. ದಾರಿಯಲ್ಲಿ ಟಗ್ಯಾನಕ್ ಜಲಪಾತ, 215 ಅಡಿ. ಮೇಲಿನ ವ್ಯೂಪಾಯಿಂಟ್ ಪಾರ್ಕಿಂಗ್‌ನ ಪಕ್ಕದಲ್ಲೇ ಇದೆ, ಅಪ್ಪನ ಮಂಡಿಗೆ ತೊಂದರೆ ಇಲ್ಲ. ಜೋಗ ನೋಡಿದವರು ಮೂಗು ಮುರಿಯಬಹುದು, ಅದಕ್ಕೆ ನಾನು ಹೊಣೆಯಲ್ಲ.

ಸಮಾಧಿಯ ವಿಷಯ. ಇಂಟರ್‌ಲೇಕನ್‌ನ ಲೇಕ್ ವ್ಯೂ ಸ್ಮಶಾನ ಅಂದರೆ ಹುಲ್ಲು, ಮರ, ಗಾಳಿ. ಸಿನಿಮಾದ ಹಾಗೆ ಕಬ್ಬಿಣದ ಗೇಟು ಕಿರ್ ಅನ್ನುವುದಿಲ್ಲ. ದೊಡ್ಡ ಗೋರಿ ಹುಡುಕಬೇಡಿ, ಸಿಗುವುದಿಲ್ಲ. ನೆಲಮಟ್ಟದ ಚಿಕ್ಕ ಕಲ್ಲು, ಸೈನಿಕರಿಗೆ ಇಡುವಂಥದ್ದು. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಟ್ರೂಪರ್ ಆಗಿ ಫಿಲಿಪೀನ್ಸ್‌ನಲ್ಲಿ ಹೋರಾಡಿ ಗಾಯಗೊಂಡವರು. 1975ರ ಜೂನ್ 28ರಂದು, ಹೃದಯದ ಆಪರೇಷನ್ ಆದ ಮೇಲೆ ತೀರಿಕೊಂಡರು. ಬರೀ 50 ವರ್ಷ. ಟ್ವೈಲೈಟ್ ಜೋನ್‌ನ 156 ಕಂತುಗಳಲ್ಲಿ 92 ಅವರೇ ಬರೆದದ್ದು. ಕೈಯಲ್ಲಿ ಸದಾ ಸಿಗರೇಟು ಇರುವುದನ್ನು ನೀವೇ ನೋಡಿರುತ್ತೀರಿ.

ಆಗಸ್ಟ್‌ನಲ್ಲಿ ಹೋದರೆ ನವರಾತ್ರಿ ಪ್ರಶ್ನೆಯೂ ತಪ್ಪಿತು. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಕೆರೆ ಪಕ್ಕದ ರಸ್ತೆಗಳಲ್ಲಿ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಮ್ಯಾಪ್ ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ನೀಲಗಡಲು:

ಕುದುರೆಸವಾರ ಅವರು ಅರ್ಧ ಕೆಲಸ ಮುಗಿಸಿದ್ದಾರೆ. ಉಳಿದರ್ಧ ನಾನು ಹೇಳುತ್ತೇನೆ, ಯಾಕಂದ್ರೆ ನಾನು ಡಾರ್ಕ್ ಷಾಡೋಸ್ ಪಕ್ಷದವಳು. ಕನೆಕ್ಟಿಕಟ್‌ನಲ್ಲಿದ್ದೇನೆ.

ಮೊದಲು ಒಂದು ಎಚ್ಚರಿಕೆ. ಆ ಸೀರಿಯಲ್ 1966ರ ಜೂನ್‌ನಿಂದ 1971ರ ಏಪ್ರಿಲ್‌ವರೆಗೆ ನಡೆದದ್ದು. 1,225 ಕಂತು! ನಮ್ಮ ಧಾರಾವಾಹಿಗಳಿಗೆ ಮಾತ್ರ ಎಳೆಯಲು ಬರುತ್ತದೆ ಅಂದುಕೊಂಡಿದ್ದೆ. ಮೊದಲಿಂದ ನೋಡಿದರೆ ಅಕ್ಟೋಬರ್‌ಗೆ ಮುಗಿಯುವುದಿಲ್ಲ. 210ನೇ ಕಂತಿನಿಂದ ನೋಡಿ. ಶವಪೆಟ್ಟಿಗೆಯಿಂದ ಒಂದು ಕೈ ಹೊರಬರುತ್ತದೆ. ಅದೇ ಬಾರ್ನಬಸ್ ಕಾಲಿನ್ಸ್, ರಕ್ತ ಕುಡಿಯುವವನು. ಅವನು ಬಂದ ಮೇಲೆಯೇ ಸೀರಿಯಲ್ ಓಡಿದ್ದು. ಆಗಿನ್ನೂ ಕಪ್ಪುಬಿಳುಪು, ಕೆಲವು ತಿಂಗಳಿಗೆ ಕಲರ್ ಆಯಿತು. ನಿಮಗೆ ಸರಿಹೋಗುತ್ತದೆ.

ಹೆದರಿಕೆಗಿಂತ ನಗುವೇ ಜಾಸ್ತಿ. ಒಂದೇ ಓಟದಲ್ಲಿ ರೆಕಾರ್ಡ್ ಮಾಡುತ್ತಿದ್ದರು, ತಪ್ಪಾದರೂ ಬಿಡುತ್ತಿದ್ದರು. ಮೈಕ್ ಇಳಿದು ಬಂದು ನಟರ ತಲೆ ಮೇಲೆ ತೂಗಾಡುತ್ತದೆ. ಗಂಭೀರ ಸೀನ್ ನಡುವೆ ಮಾತು ಮರೆತು ಪಿಳಿಪಿಳಿ ನೋಡುತ್ತಾರೆ. ಮಗಳಿಗೆ “ಮೈಕ್ ಹುಡುಕು” ಅಂತ ಹೇಳಿ, ಕಾರಿನ ಹಿಂದಿನ ಸೀಟು ಎರಡು ಗಂಟೆ ತಣ್ಣಗಿರುತ್ತದೆ.

ನ್ಯೂಪೋರ್ಟ್ ಬಂಗಲೆಯ ಹೆಸರು ಸೀವ್ಯೂ ಟೆರೇಸ್, ಕ್ಯಾರಿ ಮ್ಯಾನ್ಷನ್ ಅಂತಲೂ ಕರೆಯುತ್ತಾರೆ. ರಗಲ್ಸ್ ಅವೆನ್ಯೂದಲ್ಲಿದೆ. ಸೀರಿಯಲ್‌ನಲ್ಲಿ ಹೊರಗಿನಿಂದ ತೋರಿಸುವ ಕಾಲಿನ್ಸ್ ಮನೆತನದ ಬಂಗಲೆ ಕಾಲಿನ್‌ವುಡ್ ಅದೇ. ಒಳಗಿನ ಸೀನ್ ಎಲ್ಲಾ ನ್ಯೂಯಾರ್ಕ್ ಸ್ಟುಡಿಯೋದಲ್ಲಿ ಹಾಕಿದ ಸೆಟ್ಟು. ಖಾಸಗಿ ಆಸ್ತಿ, ಒಳಗೆ ಹೋಗುವ ಆಸೆ ಬಿಡಿ. ರಸ್ತೆಯಿಂದ ನೋಡಿ, ಫೋಟೋ ತೆಗೆದು, ಸುಮ್ನೆ ಬನ್ನಿ. ಅದೇ ರಗಲ್ಸ್ ಅವೆನ್ಯೂ ತುದಿಯಿಂದ ಸಮುದ್ರದ ಪಕ್ಕದ ಕ್ಲಿಫ್ ವಾಕ್‌ಗೆ ಇಳಿಯಬಹುದು. ಅಲ್ಲಿಂದ ದಕ್ಷಿಣಕ್ಕೆ ಹೋದಷ್ಟೂ ಬಂಡೆ, ಹಿರಿಯರಿಗೆ ಬೇಡ. ಉತ್ತರದ ಕಡೆ ನಡೆಸಿ.

ಕನೆಕ್ಟಿಕಟ್‌ನ ಎಸೆಕ್ಸ್‌ನಲ್ಲಿ ಗ್ರಿಸ್‌ವಲ್ಡ್ ಇನ್ ಇದೆ, 1776ರಿಂದ ಇರುವ ವಸತಿ. ಸೀರಿಯಲ್‌ನ ಕಾಲಿನ್ಸ್‌ಪೋರ್ಟ್ ಇನ್ ಹೊರನೋಟ ಅದರದ್ದು. ಇದರೊಳಗೆ ಧಾರಾಳವಾಗಿ ಹೋಗಬಹುದು, ಊಟ ಮಾಡಬಹುದು. ಟ್ಯಾರಿಟೌನ್‌ನ ಲಿಂಡ್‌ಹರ್ಸ್ಟ್ ಬಂಗಲೆ ಸೀರಿಯಲ್‌ನದ್ದಲ್ಲ. 1970 ಮತ್ತು 1971ರಲ್ಲಿ ಬಂದ ಎರಡು ಡಾರ್ಕ್ ಷಾಡೋಸ್ ಸಿನಿಮಾಗಳಲ್ಲಿರುವುದು. ಆದರೆ ಮೂರರಲ್ಲಿ ನನಗೆ ಇಷ್ಟವಾದದ್ದು ಇದೇ. ಬೂದು ಕಲ್ಲು, ಚೂಪು ಗೋಪುರ, ಕೆಳಗೆ ಹಡ್ಸನ್ ನದಿ. ಟಿಕೆಟ್ ತೆಗೆದುಕೊಂಡು ಒಳಗೂ ನೋಡಬಹುದು. ಅಕ್ಟೋಬರ್ ವೀಕೆಂಡ್‌ನಲ್ಲಿ ದೆವ್ವದ ಕತೆಗೆ ಹೆಸರಾದ ಪಕ್ಕದ ಊರು ಸ್ಲೀಪಿ ಹಾಲೋ ನೋಡಲು ಬಂದ ಜನ ಇಲ್ಲೂ ತುಂಬಿರುತ್ತಾರೆ, ಮೊದಲೇ ಬುಕ್ ಮಾಡಿ. ಒಳಗೆ ಮೆಟ್ಟಿಲಿವೆ. ಮಂಡಿ ವಿಷಯ ಬುಕ್ ಮಾಡುವಾಗಲೇ ಕೇಳಿಬಿಡಿ.

ಎಡಿಸನ್, ಟ್ಯಾರಿಟೌನ್, ಎಸೆಕ್ಸ್, ನ್ಯೂಪೋರ್ಟ್. ಎರಡು ರಾತ್ರಿ ಸಾಕು. ಪುಳಿಯೋಗರೆ, ಮೊಸರನ್ನ ಡಬ್ಬಿ ಕೂಲರ್‌ನಲ್ಲಿಟ್ಟುಕೊಂಡರೆ ದೊಡ್ಡವರಿಗೆ ಊಟದ ಚಿಂತೆಯೂ ಇಲ್ಲ.

ಮನೆಮುಂದೆಮರ:

ಒಂದು ಸಣ್ಣ ಸೇರ್ಪಡೆ. ಎಡಿಸನ್‌ನಲ್ಲಿದ್ದುಕೊಂಡು ವೆಸ್ಟ್‌ಫೀಲ್ಡ್ ಬಿಟ್ಟುಬಿಟ್ಟಿರಲ್ಲ! ‘ದಿ ಆಡಮ್ಸ್ ಫ್ಯಾಮಿಲಿ’ ಪಾತ್ರಗಳನ್ನು ಮೊದಲು ಕಾರ್ಟೂನ್ ಆಗಿ ಬರೆದ ಚಾರ್ಲ್ಸ್ ಆಡಮ್ಸ್ 1912ರಲ್ಲಿ ಹುಟ್ಟಿದ್ದು ಅಲ್ಲೇ. 1964ರಲ್ಲಿ ಟೀವಿಗೆ ಬರುವಾಗಲೇ ಆ ಸಂಸಾರದವರಿಗೆ ಹೆಸರು ಸಿಕ್ಕಿದ್ದು, ಅಲ್ಲಿಯವರೆಗೆ ಬರೀ ಚಿತ್ರ. ಎಲ್ಮ್ ಸ್ಟ್ರೀಟ್, ಡಡ್ಲಿ ಅವೆನ್ಯೂದ ಹಳೇ ಮನೆಗಳೇ ಅವರ ಚಿತ್ರದ ಮನೆಗೆ ಪ್ರೇರಣೆ ಅನ್ನುತ್ತಾರೆ. ಅಕ್ಟೋಬರ್‌ನಲ್ಲಿ ಊರಿಗೆ ಊರೇ ಆಡಮ್ಸ್ ಹಬ್ಬ ಮಾಡುತ್ತದೆ. ನಿಮ್ಮಿಂದ ಅರ್ಧ ಗಂಟೆ ದಾರಿ.

ಅದೇ ಕಾಲದ ‘ದಿ ಮನ್‌ಸ್ಟರ್ಸ್’ ಮನೆ ಹುಡುಕಲು ಹೋಗಬೇಡಿ. ಅದು ಕ್ಯಾಲಿಫೋರ್ನಿಯಾದ ಯೂನಿವರ್ಸಲ್ ಸ್ಟುಡಿಯೋ ಒಳಗಿನ ಬೀದಿ.

ಕಪ್ಪುಬಿಳುಪು:

ಹೋಗಿ ಬಂದೆವು! ಆಗಸ್ಟ್ ಮೂರನೇ ವಾರ, ಬಿಂಗ್‌ಹ್ಯಾಮ್ಟನ್‌ನಲ್ಲಿ ಒಂದು ರಾತ್ರಿ, ಇಥಾಕದಲ್ಲಿ ಒಂದು ರಾತ್ರಿ. ಕುದುರೆಸವಾರ ಅವರಿಗೆ ದೊಡ್ಡ ನಮಸ್ಕಾರ.

ಕ್ಯಾರೊಸೆಲ್ ನಡೆಯುತ್ತಿತ್ತು. ಹೆಂಡತಿ, ಮಗಳು ಓಡಿ ಹೋಗಿ ಕುದುರೆ ಹಿಡಿದರು. ಅಪ್ಪ ಹೊರಗೆ ನಿಂತು “ಎಷ್ಟಂತೆ?” ಅಂದರು. ದುಡ್ಡಿಲ್ಲಪ್ಪ ಅಂದೆ. ನಂಬಲಿಲ್ಲ. ಶೂ ಕಾರ್ಖಾನೆ ಮಾಲೀಕರ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎಳ್ಳಮಾವಾಸ್ಯೆ ಜಾತ್ರೆಯ ಮಾತು ತೆಗೆದರು. ತುಂಗೆಯ ದಂಡೆಯಲ್ಲಿ ಇಂಥದ್ದೇ ಕುದುರೆ ಬರುತ್ತಿತ್ತಂತೆ. ಅಜ್ಜ ಕೊಟ್ಟ ಕಾಸಿಗೆ ಒಂದೋ ಕುದುರೆ, ಇಲ್ಲಾ ಬತ್ತಾಸು. ಅಪ್ಪ ಪ್ರತಿ ವರ್ಷ ಬತ್ತಾಸು ತಿಂದು, ತಮ್ಮನನ್ನು ಕುದುರೆ ಹತ್ತಿಸುತ್ತಿದ್ದರಂತೆ. ಆ ಚಿಕ್ಕಪ್ಪ ಈಗಿಲ್ಲ. ಈ ಕತೆ ನನಗೆ ಗೊತ್ತೇ ಇರಲಿಲ್ಲ. ನಲವತ್ತೈದು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಮಂಡಿಗೆ ಕುದುರೆ ಆಗುವುದಿಲ್ಲ ಅಂತ ಕೂರುವ ರಥದಲ್ಲಿ ಕೂರಿಸಿದೆ. ಒಂದು ಸುತ್ತು ಆಯ್ತು. ಇಳಿಯಲಿಲ್ಲ. ಮೂರು ಸಲ ಸುತ್ತಿದರು. ಮೂರನೇ ಸಲ ಮಗಳಿಗೆ “ನಿನ್ನ ಅಪ್ಪನ್ನೂ ಕರಿ, ಅವ ಎಂತಕ್ಕೆ ಅಲ್ಲಿ ನಿಂತು ಫೋಟೋ ಹೊಡಿತಾ ಇದ್ದಾನೆ” ಅಂದರು.

ಮೇಲಿನ ಚಿತ್ರಗಳ ಪಂದ್ಯದಲ್ಲಿ ಮಗಳು ನನ್ನನ್ನು ಸೋಲಿಸಿದಳು. ಟಗ್ಯಾನಕ್ ಜಲಪಾತಕ್ಕೆ ಅಪ್ಪನ ಮಾತು: “ಚೆಂದ ಉಂಟು. ನಮ್ಮಲ್ಲಿ ಆದ್ರೆ ಇದಕ್ಕೆ ಹೆಸರು ಇಡ್ತಿರ್ಲಿಲ್ಲ.”

ಸಮಾಧಿ ಹುಡುಕಲು ಹದಿನೈದು ನಿಮಿಷ ಹಿಡಿಯಿತು. ಹೆಂಡತಿಯೇ ಮೊದಲು ಕಂಡಿದ್ದು. ಕಲ್ಲಿನ ಮೇಲೆ ಯಾರೋ ಕೆಲವು ನಾಣ್ಯ ಇಟ್ಟಿದ್ದರು. ಅಪ್ಪ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಿಂತರು. ಆಮೇಲೆ ಕಾರಿನಲ್ಲಿ ಕೇಳಿದರು, “ಇಷ್ಟು ಹೆಸರು ಮಾಡಿದವರಿಗೆ ಇಷ್ಟೇ ಕಲ್ಲಾ?” ಹೌದು ಅಂದೆ. “ಒಳ್ಳೇದಾಯ್ತು” ಅಂದರು. ಇಂಟರ್‌ಲೇಕನ್ ದಾಟುವಷ್ಟರಲ್ಲಿ ನಿದ್ದೆ.

ನೀಲಗಡಲು ಮೇಡಂ, ಅಕ್ಟೋಬರ್ ರೂಟ್ ನೀವು ಹೇಳಿದ ಹಾಗೇ. ಲಿಂಡ್‌ಹರ್ಸ್ಟ್ ಬುಕ್ ಮಾಡಿದ್ದೇನೆ. ಬಾರ್ನಬಸ್ ಕಂತುಗಳು ಶುರುವಾಗಿವೆ, ಇಲ್ಲಿಯವರೆಗೆ ಹನ್ನೊಂದು ಮೈಕ್ ಸಿಕ್ಕಿವೆ.

ಮನೆಮುಂದೆಮರ ಅವರೇ, ಆಡಮ್ಸ್ ಹಬ್ಬದ ದಿನ ವೆಸ್ಟ್‌ಫೀಲ್ಡ್‌ನಲ್ಲಿ ಕಾರು ಎಲ್ಲಿ ನಿಲ್ಲಿಸುವುದು? ಅಥವಾ ಟ್ರೈನ್‌ನಲ್ಲಿ ಬರುವುದೇ ವಾಸಿನಾ?